ಗೆದ್ದ ಪಕ್ಷ ಎದುರು ಸಾಲಿಗೆ ಹೋದದ್ದು ಹೇಗೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಆರ್ಥಿಕ ಮಹಾಕುಸಿತದ ಬಗ್ಗೆ ಬಂದ ಲೇಖನದಲ್ಲಿ, 1930ರ ಚುನಾವಣೆಯಲ್ಲಿ ಪ್ರತಿನಿಧಿಗಳ ಸಭೆಗೆ ರಿಪಬ್ಲಿಕನ್ ಪಕ್ಷದ 218, ಡೆಮಾಕ್ರಟಿಕ್ ಪಕ್ಷದ 216 ಮಂದಿ ಆಯ್ಕೆಯಾದರು ಎಂದಿದೆ. ಎರಡು ಪುಟ ಕಳೆದ ಮೇಲೆ ಅದೇ ಸಭೆಗೆ ಡೆಮಾಕ್ರಟಿಕ್ ಪಕ್ಷದ ಜಾನ್ ನ್ಯಾನ್ಸ್ ಗಾರ್ನರ್ ಸ್ಪೀಕರ್ ಆದರು ಎಂದಿದೆ. ಇದು ಅಚ್ಚಿನ ತಪ್ಪೋ, ಅಲ್ಲಿಯೂ ಪಕ್ಷಾಂತರ ನಡೆಯಿತೋ? ಬಹುಮತ ಹೋದ ಮೇಲೂ ರಿಪಬ್ಲಿಕನ್ ಪಕ್ಷದ ಹೂವರ್ ಅಧ್ಯಕ್ಷರಾಗಿ ಉಳಿದದ್ದು ಹೇಗೆ? ಗಾರ್ನರ್ ಮುಂದೇನಾದರು ಎಂಬುದನ್ನೂ ಲೇಖನ ಹೇಳುವುದಿಲ್ಲ.
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ

ಮಾನ್ಯರೇ,

ಅಚ್ಚಿನ ತಪ್ಪೂ ಅಲ್ಲ, ಪಕ್ಷಾಂತರವೂ ಅಲ್ಲ. ನೀವು ಎತ್ತಿ ತೋರಿಸಿದ ಎರಡು ಸಂಗತಿಗಳೂ ನಿಜ. ಆದರೆ ಅವುಗಳ ನಡುವೆ ಹದಿಮೂರು ತಿಂಗಳ ಅಂತರವಿದೆ, ಆ ಅಂತರದ ಕಥೆಯೇ ಲೇಖನದಲ್ಲಿ ಬಿಟ್ಟುಹೋಗಿದೆ. ಅದನ್ನು ಬಿಟ್ಟವರು ಲೇಖಕರಲ್ಲ, ಪುಟ ಸಾಲದೆಂದು ಒಂದು ಪ್ಯಾರಾ ಕತ್ತರಿಸಿದ ನಾವು. ಸದನದ ಬಲಾಬಲವನ್ನು ಬರೆಯುವಾಗ ಅದು ಯಾವ ದಿನದ ಲೆಕ್ಕ ಎಂಬುದನ್ನೂ ಬರೆಯಬೇಕಿತ್ತು.

ಮೊದಲು ಪಂಚಾಂಗದ ವಿಷಯ. ನಮ್ಮ ಲೋಕಸಭೆಯ ಐದು ವರ್ಷ ಆರಂಭವಾಗುವುದು ಅದರ ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ; ವಿಧಾನಸಭೆಗೂ ಅದೇ ನಿಯಮ. ಸದನ ಸೇರುವುದಕ್ಕೂ ಅವಧಿ ಶುರುವಾಗುವುದಕ್ಕೂ ನಂಟಿರುವ ವ್ಯವಸ್ಥೆ ನಮಗೆ ರೂಢಿಯಾಗಿರುವುದರಿಂದ ಆ ಕಾಲದ ಅಮೆರಿಕದ ಪದ್ಧತಿ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಪ್ರತಿ ಕಾಂಗ್ರೆಸ್ಸಿಗೂ (ಇಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಎರಡು ವರ್ಷದ ಸಂಸತ್ತು) ಒಂದು ಕ್ರಮಸಂಖ್ಯೆ ಇರುತ್ತದೆ. ನೀವು ಕೇಳಿರುವುದು 72ನೆಯದರ ವಿಚಾರ. ಅದಕ್ಕೆ ಚುನಾವಣೆ ನಡೆದದ್ದು 1930ರ ನವೆಂಬರ್ 4ರಂದು. ಅದರ ಅವಧಿ ಆರಂಭವಾದದ್ದು 1931ರ ಮಾರ್ಚ್ 4ರಂದು. ಆದರೆ ಕಾಂಗ್ರೆಸ್ ವರ್ಷಕ್ಕೊಮ್ಮೆ ಡಿಸೆಂಬರ್ ತಿಂಗಳ ಮೊದಲ ಸೋಮವಾರ ಸೇರಬೇಕು ಎಂದು ಸಂವಿಧಾನ ಹೇಳಿದ್ದರಿಂದ, ಅಧ್ಯಕ್ಷರು ವಿಶೇಷ ಅಧಿವೇಶನ ಕರೆಯದೆ ಹೋದರೆ, ಗೆದ್ದವರು ಸದನದ ಬಾಗಿಲು ತುಳಿಯುವುದು ಮರುವರ್ಷದ ಡಿಸೆಂಬರಿನಲ್ಲಿಯೇ. ಹೂವರ್ ಕರೆಯಲಿಲ್ಲ. ಹಾಗಾಗಿ 1930ರಲ್ಲಿ ಆರಿಸಿ ಬಂದವರು ಮೊದಲ ಬಾರಿಗೆ ಸೇರಿದ್ದು 1931ರ ಡಿಸೆಂಬರ್ 7ರಂದು. ಕಾರ್ಖಾನೆಗಳು ಮುಚ್ಚುತ್ತ, ಬ್ಯಾಂಕುಗಳು ಮುಳುಗುತ್ತ ಇದ್ದ ವರ್ಷವದು ಎಂಬುದನ್ನು ನೆನಪಿಟ್ಟುಕೊಳ್ಳಿ.

ಆ ಹದಿಮೂರು ತಿಂಗಳಲ್ಲಿ ಆಯ್ಕೆಯಾಗಿದ್ದ ಪ್ರತಿನಿಧಿಗಳಲ್ಲಿ 14 ಮಂದಿ ತೀರಿಕೊಂಡರು. ಅವರಲ್ಲಿ ಹಿಂದಿನ ಸಭೆಯ ಸ್ಪೀಕರ್, ಒಹಾಯೊ ರಾಜ್ಯದ ನಿಕೊಲಸ್ ಲಾಂಗ್‌ವರ್ತ್ ಕೂಡ ಒಬ್ಬರು. ಅವರು 1931ರ ಏಪ್ರಿಲ್ 9ರಂದು ನಿಧನರಾದರು. ಲಾಂಗ್‌ವರ್ತ್ ಮತ್ತು ಗಾರ್ನರ್ ಎದುರು ಪಕ್ಷಗಳ ನಾಯಕರಾದರೂ ಆಪ್ತ ಗೆಳೆಯರು. ಕುರ್ಚಿಗಾಗಿ ಇಬ್ಬರೂ ಪರಸ್ಪರ ತಮಾಷೆ ಮಾಡಿಕೊಳ್ಳುತ್ತಿದ್ದ ಆ ಪೈಪೋಟಿ ಕೊನೆಗೆ ತೀರ್ಮಾನವಾದದ್ದು ಯಾರೂ ಬಯಸದ ರೀತಿಯಲ್ಲಿ.

ತೆರವಾದ ಸ್ಥಾನಗಳೆಲ್ಲ ಕೈ ಬದಲಾಯಿಸಲಿಲ್ಲ ಎಂಬುದನ್ನು ಗಮನಿಸಬೇಕು. ಲಾಂಗ್‌ವರ್ತ್ ಅವರ ಸಿನ್ಸಿನಾಟಿ ಕ್ಷೇತ್ರ ಉಪಚುನಾವಣೆಯಲ್ಲಿ ರಿಪಬ್ಲಿಕನ್ನರಲ್ಲಿಯೇ ಉಳಿಯಿತು. ತಕ್ಕಡಿ ವಾಲಿದ್ದು ರಿಪಬ್ಲಿಕನ್ನರಿಂದ ಡೆಮಾಕ್ರಟರ ಕೈಗೆ ಹೋದ ಮೂರೇ ಕ್ಷೇತ್ರಗಳಿಂದ. ಮಿಷಿಗನ್ನಿನ 8ನೆಯ ಕ್ಷೇತ್ರದಲ್ಲಿ ಬರ್ಡ್ ವಿನ್ಸೆಂಟ್ ತೀರಿಕೊಂಡು ನವೆಂಬರ್ 3ರಂದು ಮೈಕಲ್ ಹಾರ್ಟ್ ಗೆದ್ದರು. ಟೆಕ್ಸಸ್ಸಿನಲ್ಲಿ ರಿಪಬ್ಲಿಕನ್ ಪಕ್ಷಕ್ಕಿದ್ದ ಏಕೈಕ ಸದಸ್ಯ ಹ್ಯಾರಿ ವುರ್ಜ್‌ಬಾಕ್ ನವೆಂಬರ್ 6ರಂದು ತೀರಿಕೊಂಡರು; ತಿಂಗಳು ಮುಗಿಯುವುದರೊಳಗೆ ಆ ಸ್ಥಾನ ರಿಚರ್ಡ್ ಕ್ಲೆಬರ್ಗ್ ಅವರದಾಯಿತು. ಸದಸ್ಯರು ತೀರಿಕೊಂಡು ತೆರವಾಗಿದ್ದ ನ್ಯೂ ಜೆರ್ಸಿಯ 5ನೆಯ ಕ್ಷೇತ್ರವನ್ನು ಪರ್ಸಿ ಸ್ಟೂವರ್ಟ್ ಗೆದ್ದದ್ದು ಡಿಸೆಂಬರ್ 1ರಂದು, ಅಂದರೆ ಸಭೆ ಸೇರಲು ಆರು ದಿನ ಉಳಿದಿದ್ದಾಗ. (ಕ್ಲೆಬರ್ಗ್ ತಮ್ಮ ಕಾರ್ಯದರ್ಶಿಯಾಗಿ ವಾಷಿಂಗ್ಟನ್ನಿಗೆ ಕರೆದೊಯ್ದ 23 ವರ್ಷದ ಯುವಕನ ಹೆಸರು ಲಿಂಡನ್ ಜಾನ್ಸನ್. ಮುಂದೆ ಅಧ್ಯಕ್ಷರಾದ ಜಾನ್ಸನ್ನರೇ ಅವರು. ಇದು ನಿಮ್ಮ ಪ್ರಶ್ನೆಗೆ ಸೇರಿದ್ದಲ್ಲ, ಹೇಳದೆ ಇರಲು ಮನಸ್ಸು ಬರಲಿಲ್ಲ.)

ಈಗ ಕೂಡಿ ಕಳೆಯೋಣ. ಡೆಮಾಕ್ರಟರ 216ಕ್ಕೆ ಮೂರು ಸೇರಿ 219. ರಿಪಬ್ಲಿಕನ್ನರ 218ರಲ್ಲಿ ಮೂರು ಕಳೆದು 215. ಅದರಲ್ಲಿಯೂ ನ್ಯೂ ಹ್ಯಾಂಪ್‌ಷೈರಿನ ಫ್ಲೆಚರ್ ಹೇಲ್ ಅಕ್ಟೋಬರಿನಲ್ಲಿ ತೀರಿಕೊಂಡು ಆ ಸ್ಥಾನ ಖಾಲಿಯಾಗಿದ್ದರಿಂದ ಸಭೆ ಸೇರಿದ ದಿನ ಅವರ ಕಡೆ ಇದ್ದದ್ದು 214. ಮಿನೆಸೋಟಾದ ರೈತ-ಕಾರ್ಮಿಕ ಪಕ್ಷದವರು ಒಬ್ಬರು. ಎಲ್ಲ ಸೇರಿ, ಖಾಲಿ ಸ್ಥಾನವೂ ಸೇರಿ, 435. ಸ್ಪೀಕರ್ ಚುನಾವಣೆಯಲ್ಲಿ ಗಾರ್ನರ್ ಅವರಿಗೆ 218, ರಿಪಬ್ಲಿಕನ್ ಪಕ್ಷದ ಬರ್ಟ್ರಾಂಡ್ ಸ್ನೆಲ್ ಅವರಿಗೆ 207 ಮತಗಳು ಬಂದವು. ಇನ್ನೈದು ಮತಗಳು ವಿಸ್ಕಾನ್ಸಿನ್ನಿನ ಜಾರ್ಜ್ ಷ್ನೈಡರ್ ಅವರಿಗೆ ಹೋದವು. ಆ ಮೂವರು ಬದುಕಿದ್ದರೆ, ಅಥವಾ ಹೂವರ್ ಆ ಬೇಸಿಗೆಯಲ್ಲಿಯೇ ಅಧಿವೇಶನ ಕರೆದಿದ್ದರೆ, ಆ ಕುರ್ಚಿ ಬಹುಶಃ ರಿಪಬ್ಲಿಕನ್ನರದಾಗಿರುತ್ತಿತ್ತು. ನ್ಯೂ ಹ್ಯಾಂಪ್‌ಷೈರಿನ ಖಾಲಿ ಸ್ಥಾನವೂ ಮುಂದಿನ ಜನವರಿಯಲ್ಲಿ ಡೆಮಾಕ್ರಟರಿಗೆ ಹೋಯಿತು. ಆದ್ದರಿಂದ ಆ ಸಭೆಯ ಬಲಾಬಲವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಯಾವ ಪಟ್ಟಿಯನ್ನೂ ಪೂರ್ತಿ ನಂಬಬೇಡಿ, ನಮ್ಮ ಲೇಖನದ್ದನ್ನೂ ಸೇರಿಸಿ.

ಎಲ್ಲ ಖಾಲಿ ಸ್ಥಾನಗಳಿಗೂ ಉಪಚುನಾವಣೆಯೇ ಏಕೆ ಎಂದರೆ, ಪ್ರತಿನಿಧಿಗಳ ಸಭೆಗೆ ನಾಮಕರಣ ಮಾಡುವ ಅಧಿಕಾರವನ್ನು ಸಂವಿಧಾನ ಯಾರಿಗೂ ಕೊಟ್ಟಿಲ್ಲ. ಮೇಲ್ಮನೆಯಾದ ಸೆನೆಟ್ಟಿನಲ್ಲಿ ರಾಜ್ಯದ ಗವರ್ನರ್ ತಾತ್ಕಾಲಿಕವಾಗಿ ಒಬ್ಬರನ್ನು ನೇಮಿಸಬಹುದು. ಅದೇ ನವೆಂಬರಿನಲ್ಲಿ ಅರ್ಕನ್ಸಾ ರಾಜ್ಯದ ಸೆನೆಟರ್ ತೀರಿಕೊಂಡಾಗ ಅವರ ಪತ್ನಿ ಹ್ಯಾಟಿ ಕ್ಯಾರವೇ ಅವರನ್ನು ಹೀಗೆ ನೇಮಿಸಲಾಯಿತು. ಜನವರಿಯಲ್ಲಿ ಅವರು ಚುನಾವಣೆಯನ್ನೂ ಗೆದ್ದು, ಸೆನೆಟ್ಟಿಗೆ ಜನರಿಂದ ಆಯ್ಕೆಯಾದ ಮೊದಲ ಮಹಿಳೆಯಾದರು.

ನಿಮ್ಮ ಎರಡನೆಯ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು: ಅಮೆರಿಕದ ಅಧ್ಯಕ್ಷರು ಸದನದ ವಿಶ್ವಾಸದ ಮೇಲೆ ನಿಂತವರಲ್ಲ. ಅವರದು ನಾಲ್ಕು ವರ್ಷದ ನಿಶ್ಚಿತ ಅವಧಿ, ಅವಿಶ್ವಾಸ ನಿರ್ಣಯ ಎಂಬುದೇ ಅಲ್ಲಿಲ್ಲ. ನಮ್ಮಲ್ಲಿ ಸದನ ಮಗುಚಿದರೆ ಸರ್ಕಾರವೂ ಮಗುಚುತ್ತದೆ. ಅಲ್ಲಿ ಇಬ್ಬರೂ ಒಂದೇ ಮನೆಯ ಎರಡು ಪಾಲಿನವರಂತೆ ಉಳಿದ ಅವಧಿಯನ್ನು ಕಳೆಯಬೇಕು. ಅದನ್ನೇ ವಿಭಜಿತ ಸರ್ಕಾರ ಎನ್ನುವುದು.

ಆದರೆ ವಿಭಜನೆ ಎಲ್ಲಿತ್ತು ಎಂಬುದನ್ನು ಪಕ್ಷದ ಹೆಸರು ನೋಡಿ ಹೇಳಲಾಗದು ಎಂಬುದೇ ಈ ಕಾಂಗ್ರೆಸ್ಸಿನ ಸ್ವಾರಸ್ಯ. ಸೆನೆಟ್ಟಿನಲ್ಲಿ ರಿಪಬ್ಲಿಕನ್ನರು 48, ಡೆಮಾಕ್ರಟರು 47, ರೈತ-ಕಾರ್ಮಿಕ ಪಕ್ಷದವರು ಒಬ್ಬರು ಇದ್ದರು. ಕಾಗದದ ಮೇಲೆ ಅದು ಹೂವರ್ ಅವರ ಮನೆ. ವಾಸ್ತವದಲ್ಲಿ ಪಶ್ಚಿಮದ ಕೃಷಿ ರಾಜ್ಯಗಳ ಬಂಡಾಯ ರಿಪಬ್ಲಿಕನ್ನರು ತಮ್ಮದೇ ಪಕ್ಷದ ಹಂಗಾಮಿ ಸಭಾಧ್ಯಕ್ಷ ಜಾರ್ಜ್ ಮೋಸೆಸ್ ಅವರ ಮರು ಆಯ್ಕೆಗೂ ಮತ ಕೊಡಲಿಲ್ಲ. ಕೊಡುವುದಾದರೂ ಹೇಗೆ? 1929ರಲ್ಲಿ ಆ ಮಹಾಶಯರು ಇವರನ್ನು ಕಾಡುಕತ್ತೆಯ ಮಕ್ಕಳೆಂದು ಜರೆದಿದ್ದರು. ಯಾರಿಗೂ ಬಹುಮತ ಬಾರದೆ ಮೋಸೆಸ್ ಹಳೆಯ ಆಯ್ಕೆಯ ಬಲದ ಮೇಲೆಯೇ ಮುಂದುವರಿದರು.

ಪ್ರತಿನಿಧಿಗಳ ಸಭೆಯಲ್ಲಿ ಗಾರ್ನರ್ ಅವರ ಪಾಡೂ ಅದಕ್ಕಿಂತ ಬೇರೆಯಲ್ಲ. 1932ರ ಜನವರಿಯಲ್ಲಿ ಬ್ಯಾಂಕು, ರೈಲ್ವೆಗಳಿಗೆ ಸಾಲ ಕೊಡುವ ಪುನರ್‌ನಿರ್ಮಾಣ ಹಣಕಾಸು ನಿಗಮವನ್ನು ಹೂವರ್ ಕೇಳಿದಾಗ ಡೆಮಾಕ್ರಟರು ತಡೆಯಲಿಲ್ಲ; 50 ಕೋಟಿ ಡಾಲರ್ ಬಂಡವಾಳದ ಆ ಮಸೂದೆ ಬೇಗನೆ ಪಾಸಾಯಿತು. ಬಜೆಟ್ ಸರಿದೂಗಿಸಲು ತಯಾರಿಕೆ ವಸ್ತುಗಳ ಮೇಲೆ ಶೇ. 2.25ರ ಮಾರಾಟ ತೆರಿಗೆ ಹಾಕುವುದಕ್ಕೆ ಗಾರ್ನರ್ ಅವರ ಒಪ್ಪಿಗೆಯಿತ್ತು. ಬಡವನ ಬೆನ್ನ ಮೇಲಿನ ತೆರಿಗೆ ಎಂದು ಅದಕ್ಕೆ ತಿರುಗಿಬಿದ್ದವರ ಮುಂದಾಳುಗಳು ಇಬ್ಬರು: ನ್ಯೂಯಾರ್ಕಿನ ರಿಪಬ್ಲಿಕನ್ ಲಾಗ್ವಾರ್ಡಿಯಾ, ಉತ್ತರ ಕೆರೊಲಿನಾದ ಡೆಮಾಕ್ರಟ್ ಡೌಟನ್. ಮಾರ್ಚ್ 24ರಂದು 153ರ ವಿರುದ್ಧ 223 ಮತಗಳಿಂದ ಆ ತೆರಿಗೆ ಬಿದ್ದುಹೋಯಿತು. ಕೆಲವು ದಿನಗಳ ಬಳಿಕ ಗಾರ್ನರ್ ಪೀಠದಿಂದ ಇಳಿದು ಬಂದು, ಬಜೆಟ್ ಸರಿದೂಗಿಸಲು ಸಿದ್ಧರಿರುವವರು ಎದ್ದು ನಿಲ್ಲಿ ಎಂದು ಸದಸ್ಯರನ್ನು ಕೇಳಿಕೊಳ್ಳಬೇಕಾಯಿತು. ಸ್ಪೀಕರ್ ಒಬ್ಬರು ತಮ್ಮದೇ ಬಹುಮತವನ್ನು ಹೀಗೆ ಬೇಡಿಕೊಂಡ ಪ್ರಸಂಗ ಅಪರೂಪ. ಯುದ್ಧದಿಂದ ಮರಳಿದ ಸೈನಿಕರ ಬೋನಸ್ ಮಸೂದೆಯನ್ನು ಜೂನ್ 15ರಂದು ಪ್ರತಿನಿಧಿಗಳ ಸಭೆ ಒಪ್ಪಿತು. ಎರಡೇ ದಿನದಲ್ಲಿ ಸೆನೆಟ್ 62ಕ್ಕೆ 18ರಂತೆ ತಿರಸ್ಕರಿಸಿತು, ಅದೂ ಎರಡೂ ಪಕ್ಷಗಳ ಮತ ಸೇರಿಸಿ. ಅಧ್ಯಕ್ಷರಿಗೂ ಸ್ಪೀಕರ್ ಅವರಿಗೂ ನೇರ ಜಗಳ ನಡೆದದ್ದು ಪರಿಹಾರ ಕಾಮಗಾರಿಗಳ ವಿಷಯದಲ್ಲಿ: ಗಾರ್ನರ್ ಬೆಂಬಲಿಸಿದ ಮಸೂದೆಗೆ ಹೂವರ್ ಜುಲೈ 11ರಂದು ವೀಟೊ ಹಾಕಿದರು, ಹತ್ತು ದಿನದಲ್ಲಿ ಅದರ ತಿದ್ದಿದ ರೂಪಕ್ಕೆ ಸಹಿಯನ್ನೂ ಹಾಕಿದರು. ರಾಜ್ಯಗಳಿಗೆ 30 ಕೋಟಿ ಡಾಲರ್ ಸಾಲ ಸಿಕ್ಕಿದ್ದು ಆ ಸಹಿಯಿಂದ.

ಅಸಲಿಗೆ ಈ ಎಡವಟ್ಟನ್ನೆಲ್ಲ ಹುಟ್ಟುಹಾಕಿದ ಹದಿಮೂರು ತಿಂಗಳ ಕಂದಕವನ್ನು ಮುಚ್ಚಿದ್ದೂ ಇದೇ ಕಾಂಗ್ರೆಸ್. ನೆಬ್ರಾಸ್ಕಾದ ಸೆನೆಟರ್ ಜಾರ್ಜ್ ನಾರಿಸ್ ಅದಕ್ಕಾಗಿ 1920ರ ದಶಕದುದ್ದಕ್ಕೂ ಹೋರಾಡಿದ್ದರು. ಸೆನೆಟ್ ಪದೇ ಪದೇ ಒಪ್ಪಿದರೂ ಪ್ರತಿನಿಧಿಗಳ ಸಭೆಯಲ್ಲಿ, ಲಾಂಗ್‌ವರ್ತ್ ಕಾಲದಲ್ಲಿ, ಅದು ಮುಂದೆ ಸಾಗಲಿಲ್ಲ. ಹೊಸ ಸಭೆ ಸೇರಿ ಮೂರು ತಿಂಗಳಾಗುವುದರೊಳಗೆ, 1932ರ ಮಾರ್ಚ್ 2ರಂದು, 20ನೆಯ ತಿದ್ದುಪಡಿ ರಾಜ್ಯಗಳ ಅನುಮೋದನೆಗೆ ಹೊರಟಿತು. ಕಾಂಗ್ರೆಸ್ಸಿನ ಅವಧಿ ಜನವರಿ 3ಕ್ಕೆ, ಅಧ್ಯಕ್ಷರದು ಜನವರಿ 20ಕ್ಕೆ ಬಂತು. ಆದರೆ ಹೊಸ ದಿನಾಂಕಗಳು ಜಾರಿಗೆ ಬರುವ ಹೊತ್ತಿಗೆ ತಡವಾಗಿದ್ದರಿಂದ, 72ನೆಯ ಕಾಂಗ್ರೆಸ್ ತಾನೇ ತೆಗೆಯಹೊರಟ ಹಳೆಯ ಕ್ರಮದಂತೆಯೇ 1932ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಸೇರಿತು. ಚುನಾವಣೆಯಲ್ಲಿ ಸೋತವರೂ ಮಾರ್ಚ್ ವರೆಗೆ ಕುಳಿತು ಮತ ಹಾಕಿದರು. ಪಾನನಿಷೇಧವನ್ನು ರದ್ದುಮಾಡುವ ಪ್ರಸ್ತಾವ ಡಿಸೆಂಬರ್ 5ರಂದು 272ಕ್ಕೆ 144ರಂತೆ ಮೂರನೇ ಎರಡರಷ್ಟು ಬಹುಮತಕ್ಕೆ ಆರು ಮತ ಸಾಲದೆ ಬಿತ್ತು. ಅದು ಎರಡೂ ಸದನಗಳನ್ನು ದಾಟಿದ್ದು ಫೆಬ್ರವರಿ 20ರಂದು.

ಇನ್ನು ಗಾರ್ನರ್. 1932ರ ನವೆಂಬರ್ 8ರಂದು ಅವರು ರೂಸ್‌ವೆಲ್ಟ್ ಜೊತೆಗೆ ಉಪಾಧ್ಯಕ್ಷರಾಗಿ ಆಯ್ಕೆಯಾದರು. ಅದೇ ದಿನ ತಮ್ಮ ಟೆಕ್ಸಸ್ ಕ್ಷೇತ್ರದಿಂದ ಪ್ರತಿನಿಧಿಗಳ ಸಭೆಗೂ ಗೆದ್ದರು. ಎರಡರಲ್ಲಿ ಒಂದನ್ನು ಬಿಡಲೇಬೇಕಾಗಿದ್ದರಿಂದ ಸದಸ್ಯತ್ವವನ್ನು ಬಿಟ್ಟರು. ಹಾಗಾಗಿ 73ನೆಯ ಕಾಂಗ್ರೆಸ್ಸಿನ ಸದಸ್ಯರ ಪಟ್ಟಿಯನ್ನು ನಾವು ಎಂದಾದರೂ ಅಚ್ಚುಮಾಡಿದರೆ, ಟೆಕ್ಸಸ್ಸಿನ 15ನೆಯ ಕ್ಷೇತ್ರದ ಎದುರು 1933ರ ಏಪ್ರಿಲ್ ವರೆಗೆ ‘ಖಾಲಿ’ ಎಂದೇ ಬರೆಯಬೇಕು. ಆ ಬಾರಿ ತಾರೀಖನ್ನು ಮರೆಯುವುದಿಲ್ಲ.

— ಸಂಪಾದಕ