ಸ್ವೀಡನ್ ಜನ ಹತ್ತಿರ ಸೇರಿಸಲ್ಲ ಅಂತಾರೆ, ಆದರೂ ಹೊರಗಿನವರು ಅಲ್ಲಿ ಯಾಕೆ ಉಳಿದುಬಿಡುತ್ತಾರೆ?

ಗೋಥೆನ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿದೆ, ಆದರೆ ಸ್ವೀಡಿಷ್ ಜನ ಮುಖ ಕೊಟ್ಟು ಮಾತಾಡಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ, ಅಂಥವರ ನಡುವೆ ಬದುಕೋದರಲ್ಲಿ ಏನು ಸುಖ ಅಂತ ಕೇಳಿದ್ದೀರಿ. ನಾನು ಸಾಗರದವಳು. ಇದೇ ಊರಿಗೆ ಬಂದು ಒಂಬತ್ತು ವರ್ಷವಾಯಿತು. ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದಾರೆ.

ಮೊದಲ ಚಳಿಗಾಲ ನನಗೆ ತುಂಬಾ ಕಷ್ಟವಾಯಿತು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಬಸ್‌ಸ್ಟಾಪಿನಲ್ಲಿ ಐದು ಜನ ನಿಂತಿದ್ದರೆ ಇಬ್ಬರ ನಡುವೆ ಒಂದು ಎಮ್ಮೆ ನಿಲ್ಲುವಷ್ಟು ಜಾಗ ಇರುತ್ತಿತ್ತು. ನಾನು ಮೆಟ್ಟಿಲು ಇಳಿಯುವ ಸದ್ದು ಕೇಳಿದರೆ ಎದುರು ಮನೆಯವರು ಬಾಗಿಲ ಒಳಗೇ ಕಾದು, ನಾನು ಹೋದ ಮೇಲೆ ಹೊರಗೆ ಬರುತ್ತಿದ್ದರು. ನಮ್ಮ ಕಡೆ ಹೊಸಬರು ಬಾಡಿಗೆಗೆ ಬಂದರೆ ಸಂಜೆಯೊಳಗೆ ಪಕ್ಕದ ಮನೆಯಿಂದ ಕಾಫಿ ಬರುತ್ತದೆ, ಅದರ ಜೊತೆ ಹತ್ತು ಪ್ರಶ್ನೆಯೂ ಬರುತ್ತದೆ, ಅಲ್ವಾ? ಇಲ್ಲಿ ಎರಡೂ ಬರಲಿಲ್ಲ. ನನ್ನ ಮೈಬಣ್ಣ ನೋಡಿ ಹೀಗೆ ಮಾಡುತ್ತಾರೆ ಅಂದುಕೊಂಡೆ. ಬಣ್ಣ, ಹೆಸರು ನೋಡುವವರು ಇಲ್ಲವೇ ಇಲ್ಲ ಅಂತ ಹೇಳಲ್ಲ, ಇದ್ದಾರೆ. ಆದರೆ ನಮ್ಮ ಮೆಟ್ಟಿಲಿನ ವಿಷಯ ಅದಾಗಿರಲಿಲ್ಲ. ಅವರವರಲ್ಲೂ ಅವರು ಹಾಗೇ ಇರುತ್ತಿದ್ದರು.

ಇದು ನನಗೆ ಅರ್ಥವಾಗಿದ್ದು ಸ್ಟೆಡ್‌ದಾಗ್ ದಿನ. ಅಂದರೆ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಅಂಗಳ ಚೊಕ್ಕಟ ಮಾಡುವ ದಿನ. ಚಳಿ ಮುಗಿದ ಮೇಲೆ ಒಮ್ಮೆ, ಎಲೆ ಉದುರುವ ಕಾಲಕ್ಕೆ ಒಮ್ಮೆ ಇರುತ್ತದೆ. ಕೆಳಗಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು, ಹೋದೆ. ಕೈಗೊಂದು ರೇಕ್ ಕೊಟ್ಟರು. ದರಕು ಗುಡಿಸಿ ಬೆಳೆದವಳಿಗೆ ಅದೇನು ಹೊಸ ಕೆಲಸ? ಎರಡು ಗಂಟೆ ಎಲೆ ಎಳೆದೆವು, ಸೈಕಲ್ ಶೆಡ್ ತೊಳೆದೆವು. ಆಮೇಲೆ ಕೆಂಡದ ಮೇಲೆ ಸಾಸೇಜ್ ಸುಟ್ಟರು, ಕಾಫಿ ಬಂತು, ದಾಲ್ಚಿನ್ನಿ ಬನ್ ಬಂತು. ಬಾಗಿಲ ಹಿಂದೆ ನಿಂತು ಕಾಯುತ್ತಿದ್ದ ಅದೇ ಎದುರು ಮನೆಯವರು ಒಂದು ಗಂಟೆ ಬಿಡದೆ ಮಾತಾಡಿದರು! ನಮ್ಮ ಮನೆಯಿಂದ ಬರುವ ಒಗ್ಗರಣೆ ವಾಸನೆ ಏನದು ಅಂತ ವರ್ಷದಿಂದ ಕೇಳಬೇಕು ಅಂದುಕೊಂಡಿದ್ದರಂತೆ. ಕೇಳಿದರೆ ನನಗೆ ಬೇಜಾರಾದೀತು ಅಂತ ಸುಮ್ನೆ ಇದ್ದರಂತೆ.

ಇನ್ನೊಬ್ಬರಿಗೆ ತೊಂದರೆ ಆಗಬಾರದು ಅನ್ನೋದು ಇವರಲ್ಲಿ ಅಷ್ಟು ಆಳಕ್ಕೆ ಇಳಿದಿದೆ. ನಾವು ಅದನ್ನು ತಾತ್ಸಾರ ಅಂದುಕೊಳ್ಳುತ್ತೇವೆ. ನೀವು ಬಂದ ಮೇಲೆ ಅವರಾಗಿ ಮಾತಾಡಿಸಲಿ ಅಂತ ಕಾಯಬೇಡಿ. ಸ್ಟೆಡ್‌ದಾಗ್, ಹಾಡುವ ಗುಂಪು, ಮಕ್ಕಳ ಫುಟ್‌ಬಾಲ್, ಯಾವುದಾದರೂ ಒಂದಕ್ಕೆ ಸೇರಿಕೊಳ್ಳಿ. ಕೈಯಲ್ಲಿ ಕೆಲಸ ಇದ್ದಾಗ ಇವರ ಬಾಯಿ ಬಿಚ್ಚುತ್ತದೆ.

ನನ್ನನ್ನು ಇಲ್ಲಿ ಹಿಡಿದಿಟ್ಟಿರುವುದರಲ್ಲಿ ಇನ್ನೊಂದು, ಮೇಲೆ ಕೆಳಗೆ ಅನ್ನೋ ಲೆಕ್ಕ ಕಮ್ಮಿ ಇರುವುದು. ಇಲ್ಲೂ ಮೊದಲು ಹುದ್ದೆ ಹೇಳಿ ಕರೆಯುವ ಪದ್ಧತಿ ಇತ್ತು. 1967ರಲ್ಲಿ ಬ್ರೂರ್ ರೆಕ್ಸೆಡ್ ಅನ್ನುವವರು ಸರ್ಕಾರದ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾದಾಗ, ಸಿಬ್ಬಂದಿಯನ್ನೆಲ್ಲ ‘ದೂ’, ಅಂದರೆ ‘ನೀನು’ ಅಂತಲೇ ಕರೆಯುತ್ತೇನೆ ಅಂದರು. ಆ ಕಾಲದಲ್ಲಿ ಈ ಬದಲಾವಣೆ ದೇಶವಿಡೀ ಹಬ್ಬಿತು. ನಮ್ಮ ಮ್ಯಾನೇಜರ್‌ನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ಆರು ತಿಂಗಳು ನಾಲಿಗೆ ಹೊರಳಲಿಲ್ಲ. ಈಗ ಮೀಟಿಂಗಿನಲ್ಲಿ ಅವರ ಮಾತು ಸರಿಯಿಲ್ಲ ಅಂತ ನೇರವಾಗಿ ಹೇಳುತ್ತೇನೆ. ಯಾರೂ ಕೋಪ ಮಾಡಿಕೊಳ್ಳುವುದಿಲ್ಲ.

ಮಗು ಹುಟ್ಟಿದಾಗ ತಂದೆ ತಾಯಿ ಇಬ್ಬರಿಗೂ ಸೇರಿ 480 ದಿನದ ರಜಾ ಭತ್ಯೆ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, 90 ದಿನ ಅಮ್ಮನಿಗೇ ಮೀಸಲು. ನನ್ನ ಗಂಡ ಏಳು ತಿಂಗಳು ಮನೆಯಲ್ಲಿದ್ದರು. ನಾನು ಆಫೀಸಿನಲ್ಲಿದ್ದಾಗ ಅಮ್ಮ ಫೋನ್ ಮಾಡಿ, “ಮಗು ಯಾರ ಹತ್ತಿರ ಇದೆ?” ಅನ್ನೋರು. “ಅದರಪ್ಪನ ಹತ್ತಿರ” ಅಂದರೆ, “ಅದು ಸರಿ, ನೋಡಿಕೊಳ್ಳೋದು ಯಾರು?” ಅಂತ ಮತ್ತೆ ಕೇಳೋರು. ನನ್ನ ಮಗಳಿಗೆ ಅವಳಪ್ಪನ ಜೊತೆ ಇರುವ ಸಲುಗೆ ನನಗೆ ನನ್ನಪ್ಪನ ಜೊತೆ ಇರಲಿಲ್ಲ. ಆ ಏಳು ತಿಂಗಳಿಗೆ ನಾನು ಈ ದೇಶಕ್ಕೆ ಋಣಿ.

ಕಷ್ಟವೂ ಇದೆ. ಬಾಡಿಗೆ ಮನೆ ಸಿಗೋದು ಬಹಳ ಕಷ್ಟ. ಮೊದಲ ಮೂರು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದೆವು. ಪರ್ಸನ್‌ನಂಬರ್, ಅಂದರೆ ಇಲ್ಲಿನ ಗುರುತಿನ ಸಂಖ್ಯೆ, ಕೈಗೆ ಬರುವ ತನಕ ಬ್ಯಾಂಕ್ ಖಾತೆ ತೆರೆಯೋದಕ್ಕೂ ಪರದಾಟ. ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಅಂತ ಭಾಷೆ ಕಲಿಯದೆ ಕೂತರೆ ಹತ್ತು ವರ್ಷವಾದರೂ ಹೊರಗಿನವರಾಗಿಯೇ ಉಳಿಯುತ್ತೀರಿ. ವಲಸೆ ಬಂದವರಿಗೆ ಸ್ವೀಡಿಷ್ ತರಗತಿ ಉಚಿತ, ಮೊದಲ ತಿಂಗಳೇ ಹೆಸರು ಕೊಡಿ. ಮಕ್ಕಳಿಗೆ ಶಾಲೆಯಲ್ಲಿ ಮಾತೃಭಾಷೆ ಕಲಿಸುವ ಕಾನೂನೂ ಇದೆ. ಸಾಮಾನ್ಯವಾಗಿ ಒಂದು ಭಾಷೆಗೆ ಐದು ಮಕ್ಕಳಾದರೂ ಇರಬೇಕು, ಕಲಿಸುವವರೂ ಸಿಗಬೇಕು. ಕನ್ನಡಕ್ಕೆ ಐದು ಮಕ್ಕಳನ್ನು ಒಟ್ಟು ಮಾಡಿದ್ದೇವೆ, ಮೇಷ್ಟ್ರನ್ನು ಹುಡುಕುತ್ತಿದ್ದೇವೆ.

ಕಡೆಯದಾಗಿ ಕಾಡಿನ ವಿಷಯ. ಯಾರದೇ ಕಾಡಾದರೂ ಯಾರು ಬೇಕಾದರೂ ನಡೆಯಬಹುದು, ಬೆರ್ರಿ ಹಣ್ಣು, ಅಣಬೆ ಆರಿಸಬಹುದು. ಅಲೆಮನ್ಸ್‌ರೆಟ್ಟೆನ್ ಅನ್ನುವ ಈ ಹಕ್ಕು 1994ರಿಂದ ಸಂವಿಧಾನದಲ್ಲೇ ಇದೆ. ತೊಂದರೆ ಕೊಡಬೇಡ, ಹಾಳು ಮಾಡಬೇಡ, ಇಷ್ಟೇ ಕಟ್ಟಳೆ. ಊರಿನಲ್ಲಿ ನಮ್ಮಜ್ಜಿ ಹೆಗ್ಗಾಲಣಬೆ ಏಳುವ ಜಾಗ ಯಾರಿಗೂ ಹೇಳುತ್ತಿರಲಿಲ್ಲ. ಇಲ್ಲಿಯವರೂ ಕಾಂಟರೆಲ್ ಅಣಬೆಯ ಜಾಗವನ್ನು ಹಾಗೇ ಗುಟ್ಟಾಗಿ ಇಡುತ್ತಾರೆ. ಅರಿಸಿನ ಬಣ್ಣದ ಅಣಬೆ ಅದು, ಪಾಚಿಯ ನಡುವೆ ಅರ್ಧ ಹುದುಗಿರುತ್ತದೆ, ಮೂಸಿದರೆ ಏಪ್ರಿಕಾಟ್ ಹಣ್ಣಿನ ಪರಿಮಳ. ನಮ್ಮ ಮೇಲಿನ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದಾರೆ. ನಾವು ಬಂದ ಐದನೇ ವರ್ಷ ಅವರು ಒಂದು ಬುಟ್ಟಿ, ಚಿಕ್ಕ ಚಾಕು ಕೊಟ್ಟು, “ಬಾ” ಅಂತ ಕರೆದುಕೊಂಡು ಹೋಗಿ ಅವರ ಜಾಗ ತೋರಿಸಿದರು. ಎಲ್ಲಿ ಅಂತ ನಿಮಗೂ ಹೇಳಲಾರೆ.

ಹೋದ ಆಗಸ್ಟ್‌ನಲ್ಲಿ ಅವರಿಗೆ ಮಂಡಿನೋವು ಜಾಸ್ತಿಯಾಗಿತ್ತು. ನಾನೊಬ್ಬಳೇ ಹೋಗಿ ಆರಿಸಿಕೊಂಡು ಬಂದೆ. ಅರ್ಧ ಅವರಿಗೆ ಕೊಡೋಣ ಅಂತ ಬಾಗಿಲು ತಟ್ಟಿದೆ. ಬುಟ್ಟಿ ನೋಡಿದರು, ನನ್ನ ಕೆಸರು ಬೂಟು ನೋಡಿದರು. “ಒಳಗೆ ಬಾ, ಕಾಫಿಗೆ ಇಡ್ತೀನಿ” ಅಂದರು.