“ಸಾಕಾಗೇತ್ರಿ” ಅಂದ ಸಭಾಪಾಲಕರು

ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯೋದಕ್ಕೆ ಅವರೂ ಅವರ ಹೆಂಡತಿಯೂ ಒಪ್ಪಿದ್ದಾರೆ.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು ಉತ್ತರ ಕರ್ನಾಟಕದ ಒಂದು ಊರಿನ ಸಭಾಪಾಲಕರು, ಅಂದರೆ ಚರ್ಚಿನ ಪಾಸ್ಟರ್, ನಲವತ್ತರ ಆಸುಪಾಸು. ಕರೆದುಕೊಂಡು ಬಂದದ್ದು ಹೆಂಡತಿ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಫೋನ್ ರಿಂಗಾದರೆ ಬೆವರು. ಭಾನುವಾರದ ಆರಾಧನೆಯನ್ನು ಹೇಗೋ ಮುಗಿಸುತ್ತಾರೆ, ಆಮೇಲೆ ಕೋಣೆ ಸೇರಿದರೆ ಮಂಗಳವಾರದವರೆಗೆ ಮಾತಿಲ್ಲ.

ಶುರುವಾದದ್ದು ಯಾವುದೋ ಸೋಲಿನಿಂದ ಅಲ್ಲ. ದೇವಾಲಯದ ಜ್ಯೂಬಿಲಿ ಕನ್ವೆನ್ಷನ್ ಚೆನ್ನಾಗಿ ನಡೆದಿತ್ತು. ಪೆಂಡಾಲ್ ತುಂಬಾ ಜನ, ಊಟ ಸಾಲದೆ ಮತ್ತೆ ಅಕ್ಕಿ ತರಿಸಿದ್ದರು. ಮುಗಿದ ಮಾರನೇ ದಿನ ಕಮಿಟಿಯ ಹಿರಿಯರೊಬ್ಬರು ವಾಟ್ಸಾಪ್ ಗ್ರೂಪಿನಲ್ಲಿ ಎರಡು ಸಾಲು ಹಾಕಿದರು: ಲೆಕ್ಕ ಕೊಡಿ, ಆಗದಿದ್ದರೆ ವರ್ಗಾವಣೆ ತಗೊಳ್ಳಿ. ಅದರ ಸ್ಕ್ರೀನ್‌ಶಾಟ್ ಇವರ ಫೋನಿನಲ್ಲಿತ್ತು. ನನಗೆ ತೋರಿಸುವಾಗ ಹುಡುಕಲೇ ಇಲ್ಲ, ಬೆರಳು ಸೀದಾ ಅಲ್ಲಿಗೇ ಹೋಯಿತು.

“ಎಲ್ಲಾ ನಾನೇ ಮಾಡಬೇಕ್ರಿ ಮೇಡಂ. ದೇವರ ಕೆಲಸದ ಕಾಳಜಿ ಇಲ್ಲಿ ಇರೋದು ನನಗೊಬ್ಬನಿಗೇ. ಸಾಕಾಗೇತ್ರಿ. ದೇವರು ಕರಕೊಂಡ್ರೂ ಛಲೋ ಅನಸ್ತೈತಿ.”

“ದೇವರು ಕರಕೊಳ್ಳಲಿ” ಅನ್ನೋದು ನಮ್ಮಲ್ಲಿ ಅಜ್ಜಿಯರ ಬಾಯಲ್ಲಿ ದಿನಾ ಬರೋ ಮಾತು, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ನೇರವಾಗಿ ಕೇಳಿದೆ. ಸಾಯುವ ಯೋಚನೆ ಬರುತ್ತಾ? ಹೇಗೆ, ಯಾವಾಗ ಅಂತ ಯೋಚಿಸಿದ್ದೀರಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ, ಅದು ತಪ್ಪು ಕಲ್ಪನೆ. ಯೋಚನೆ ಬರುತ್ತಿತ್ತು, ಹೀಗೇ ಅಂತ ಏನೂ ಗಟ್ಟಿ ಮಾಡಿಕೊಂಡಿರಲಿಲ್ಲ. ಹೆಂಡತಿಗೆ ಅದು ಗೊತ್ತಾದದ್ದೂ ಆವತ್ತೇ. ಮನೋವೈದ್ಯರ ಹತ್ತಿರ ಕಳಿಸಿದೆ, ಥೈರಾಯ್ಡ್, ಸಕ್ಕರೆ ಎರಡನ್ನೂ ನೋಡಿಸಲು ಹೇಳಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಅದು ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಎಷ್ಟು ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಸತ್ಯವೇದದ (ಬೈಬಲಿನ) ಪ್ರವಾದಿ ಎಲೀಯನ ಹೆಸರು ತೆಗೆದದ್ದು ಅವರೇ. ಕರ್ಮೆಲ್ ಬೆಟ್ಟದಲ್ಲಿ ಬಾಳ ಅನ್ನೋ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತು ಆಕಾಶದಿಂದ ಬೆಂಕಿ ಇಳಿಸಿದವನು. “ಅವನ ಮೇಲೆ ಎಷ್ಟು ಪ್ರಸಂಗ ಮಾಡೀನಿ. ನಾ ನೋಡ್ರಿ, ಒಂದು ಮೆಸೇಜಿಗೆ ಬಿದ್ದೆ.” ಎಲೀಯನೂ ಹಾಗೇ ಬಿದ್ದನಲ್ಲ ಅಂದೆ. ಅವರು ಆ ಕಥೆ ಇರುವ ಒಂದನೇ ಅರಸುಗಳು ಪುಸ್ತಕದ 18ನೇ ಅಧ್ಯಾಯಕ್ಕೇ ನಿಂತುಬಿಟ್ಟಿದ್ದರು. ಬ್ಯಾಗಿನಲ್ಲಿ ಸತ್ಯವೇದ ಇತ್ತು, 19 ಓದಿ ಅಂದೆ. ನಾನು ದೇವಶಾಸ್ತ್ರ ಓದಿದವಳಲ್ಲ, ಈ ಅಧ್ಯಾಯ ಮಾತ್ರ ನನ್ನ ಕಸುಬಿಗೆ ತುಂಬಾ ಹತ್ತಿರದ್ದು.

ಬೆಂಕಿ ಇಳಿದ ಮೇಲೆ ರಾಣಿ ಈಜೆಬೆಲ್ ಒಂದು ಸುದ್ದಿ ಕಳಿಸುತ್ತಾಳೆ: ನಾಳೆ ಇಷ್ಟೊತ್ತಿಗೆ ನಿನ್ನ ಕಥೆ ಮುಗಿಸುತ್ತೇನೆ ಅಂತ. ಬಂದದ್ದು ಸೈನ್ಯ ಅಲ್ಲ, ಒಬ್ಬ ಆಳು, ಒಂದು ಮಾತು. ಅಷ್ಟಕ್ಕೇ ಎಲೀಯ ಬೇರ್ಷೆಬಕ್ಕೆ ಓಡುತ್ತಾನೆ, ಜೊತೆಗಿದ್ದ ಸೇವಕನನ್ನೂ ಅಲ್ಲೇ ಬಿಟ್ಟು ಒಬ್ಬನೇ ಮರಳುಗಾಡಿನಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತಗೋ ಅನ್ನುತ್ತಾನೆ.

ಇದಕ್ಕೆ ಬೈಗುಳ ಬರಲಿಲ್ಲ, ವಿಶ್ವಾಸ ಕಮ್ಮಿ ಅಂತ ಪಾಠವೂ ಬರಲಿಲ್ಲ. ಕೇಳಿದ ಸಾವನ್ನೂ ಕೊಡಲಿಲ್ಲ. ಮಲಗಿದವನನ್ನು ದೇವದೂತ ಮುಟ್ಟಿ ಎಬ್ಬಿಸಿದ, ಏಳು, ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮಲಗಲು ಬಿಟ್ಟರು! ಎರಡನೇ ಸಲ ಎಬ್ಬಿಸಿ ಮತ್ತೆ ಊಟ.

ನನ್ನ ಮೊದಲ ಸಲಹೆಯೂ ಇಷ್ಟೇ ಆಗಿತ್ತು. ರಾತ್ರಿ 8ರ ಮೇಲೆ ಫೋನ್ ಹೆಂಡತಿ ಹತ್ತಿರ. ಬೆಳಗ್ಗೆ ಕೂತು ತಿಂಡಿ. ಸೋಮವಾರ ಪೂರ್ತಿ ರಜೆ. ರಾಜೀನಾಮೆ, ವರ್ಗಾವಣೆ, ಯಾವ ತೀರ್ಮಾನವೂ ಈಗ ಬೇಡ. ಯಾರೋ ಹಿರಿಯರು ಮೂರು ದಿನ ಉಪವಾಸ ಪ್ರಾರ್ಥನೆ ಹಿಡಿಯಲು ಹೇಳಿದ್ದರಂತೆ, ಅದೂ ಬೇಡ ಅಂದೆ. “ಎಲೀಯನೂ 40 ದಿನ ಊಟ ಇಲ್ಲದ ನಡದಾನಲ್ರಿ” ಅಂದರು. ಹೌದು, ಎರಡು ಸಲ ಉಂಡ ಮೇಲೆ ಅಂದೆ. ಅವರ ಮುಖದಲ್ಲಿ ನಗು ನೋಡಿದ್ದು ಆಗಲೇ.

ಕೆಲವು ವಾರದ ನಂತರ, ನಿದ್ದೆ ಸ್ವಲ್ಪ ಸರಿಹೋದ ಮೇಲೆ, ಮುಂದಿನ ಭಾಗ ತೆಗೆದೆವು. ಆ 40 ದಿನ ನಡೆದು ಸೇರಿದ ಹೋರೇಬ್ ಬೆಟ್ಟದಲ್ಲಿ ಎಲೀಯನಿಗೆ ದೇವರಿಂದ ಒಂದೇ ಪ್ರಶ್ನೆ ಎರಡು ಸಲ ಬರುತ್ತೆ: ಇಲ್ಲೇನು ಮಾಡುತ್ತಿದ್ದೀ? ನಡುವೆ ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲೆ ಆ ಮೆಲ್ಲನೆಯ ಸ್ವರ, ಎಲ್ಲಾ ಆಗಿಹೋಗುತ್ತೆ, ಆದರೂ ಅವನ ಉತ್ತರ ಎರಡು ಸಲವೂ ಅದೇ. ನಾನೊಬ್ಬನೇ ಉಳಿದಿದ್ದೇನೆ. ಖಿನ್ನತೆ ಇರುವವರ ಜೊತೆ ಕೂತು ಮಾತಾಡಿದವರಿಗೆ ಇದು ಚೆನ್ನಾಗಿ ಗೊತ್ತು, ಎಷ್ಟು ಹೇಳಿದರೂ ಅದೇ ಸಾಲಿಗೆ ವಾಪಸ್ ಬರುತ್ತಾರೆ.

ಆ ಸಾಲು ನಿಜವೂ ಅಲ್ಲ. ಹಿಂದಿನ ಅಧ್ಯಾಯದಲ್ಲೇ ಅರಮನೆಯ ಮೇಲ್ವಿಚಾರಕ ಓಬದ್ಯ ಇವನಿಗೆ ಎದುರಾಎದುರು ಹೇಳಿದ್ದ: ಯೆಹೋವನ 100 ಪ್ರವಾದಿಗಳನ್ನು ಐವತ್ತೈವತ್ತು ಮಂದಿಯಾಗಿ ಗುಹೆಗಳಲ್ಲಿ ಬಚ್ಚಿಟ್ಟು ಅನ್ನ ನೀರು ಕೊಟ್ಟಿದ್ದೇನೆ ಅಂತ. ಎಲೀಯ ಕೇಳಿಸಿಕೊಂಡಿದ್ದ, ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ ದೇವರೇ ಲೆಕ್ಕ ಕೊಡಬೇಕಾಯಿತು, ಬಾಳನಿಗೆ ಮೊಣಕಾಲೂರದ 7,000 ಜನ ಇದ್ದಾರೆ ಅಂತ.

ನಿಮ್ಮ ಸಭೆಯಲ್ಲಿ ಓಬದ್ಯ ಯಾರು ಅಂತ ಕೇಳಿ ಒಂದು ಹಾಳೆ ಕೊಟ್ಟೆ. ಎರಡು ಹೆಸರು ಬರೆದು ಪೆನ್ನು ನಿಂತಿತು. ಆಗ ಪಕ್ಕದಲ್ಲಿದ್ದ ಹೆಂಡತಿ, “ಬ್ಯಾಂಕಿನಿಂದ ರಿಟೈರ್ ಆದವರು ಲೆಕ್ಕ ಬರೀತೀನಿ ಅಂತ ಮನೀಗೆ ಬಂದು ಕೇಳಿದ್ರಲ್ರಿ. ನೀವೇ ಬ್ಯಾಡ ಅಂದ್ರಿ” ಅಂದರು. ಆಮೇಲೆ ಆಸ್ಪತ್ರೆ ಭೇಟಿಗೆ ಬರುವ ನರ್ಸಮ್ಮ, ಯುವಕರ ಗುಂಪಿನ ಇಬ್ಬರು, ಸಂಡೇ ಸ್ಕೂಲ್ ಟೀಚರ್ ಒಬ್ಬರು. ಹೇಳುತ್ತಾ ಹೋದವರು ಹೆಂಡತಿ, ಬರೆದವರು ಇವರು. ಲೆಕ್ಕದ ಪುಸ್ತಕ ಈ ವಾರವೇ ಆ ಬ್ಯಾಂಕಿನವರಿಗೆ ಕೊಟ್ಟುಬಿಡಿ ಅಂದೆ.

ಕೊಡೋದು ಇವರಿಗೆ ಸುಲಭ ಆಗಿರಲಿಲ್ಲ. ಕರೆ ಬಂದಿರೋದು ನನಗೆ, ಬೇರೆಯವರ ಮೇಲೆ ಹೇಗೆ ಹಾಕಲಿ ಅನ್ನೋ ಹಟ. ಅದಕ್ಕೂ ಅದೇ ಅಧ್ಯಾಯ ತೋರಿಸಿದೆ. ಎಲೀಯನಿಗೆ ಮೂವರನ್ನು ಎಣ್ಣೆ ಹೊಯ್ದು ಅಭಿಷೇಕಿಸುವ ಕೆಲಸ ಕೊಟ್ಟಿತ್ತು: ಅರಾಮಿನ ಅರಸನಾಗಲು ಹಜಾಯೇಲ, ಇಸ್ರಾಯೇಲಿನ ಅರಸನಾಗಲು ಯೇಹು, ತನ್ನ ಜಾಗಕ್ಕೆ ಪ್ರವಾದಿಯಾಗಿ ಎಲೀಷ. ಅವನ ಕೈಯಿಂದ ಆದದ್ದು ಎಲೀಷನ ಕರೆ ಒಂದೇ. ಅದೂ ಹೊಲ ಉಳುತ್ತಿದ್ದವನ ಮೇಲೆ ತನ್ನ ಕಂಬಳಿ ಹಾಕಿ ಕರೆದದ್ದು. ಹಜಾಯೇಲ ಅರಸನಾಗುತ್ತಾನೆ ಅಂತ ಮುಂದೆ ಹೇಳಿದವನು ಎಲೀಷ, ಯೇಹುವಿಗೆ ಎಣ್ಣೆ ಹೊಯ್ದವನು ಎಲೀಷ ಕಳಿಸಿದ ಒಬ್ಬ ಹುಡುಗ. ಉಳಿದೆರಡು ನೀನೇ ಯಾಕೆ ಮಾಡಲಿಲ್ಲ ಅಂತ ಎಲೀಯನನ್ನು ಯಾರೂ ಕೇಳಿದ ಹಾಗೆ ಬರೆದಿಲ್ಲ.

ಈಗ ಜ್ಯೂಬಿಲಿ ಲೆಕ್ಕ ಕಮಿಟಿಯ ಮುಂದಿದೆ. ಆ ಹಿರಿಯರಿಗೆ ಸಮಾಧಾನವೇನೂ ಆಗಿಲ್ಲ, ಆದರೆ ಅವರ ಪ್ರಶ್ನೆಗಳಿಗೆ ಉತ್ತರ ಕೊಡೋದು ಈಗ ಬ್ಯಾಂಕಿನವರ ಕೆಲಸ. ವರ್ಗಾವಣೆ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಮಾತ್ರೆ ನಡೀತಿದೆ. ಗುಣವಾಯ್ತಲ್ಲ, ಇನ್ಯಾಕೆ ಮಾತ್ರೆ ಅಂತ ಪ್ರಾರ್ಥನಾ ಗುಂಪಿನವರು ಆಗಲೇ ಕೇಳೋಕೆ ಶುರು ಮಾಡಿದ್ದಾರಂತೆ. ಯಾವಾಗ ನಿಲ್ಲಿಸಬೇಕು ಅಂತ ವೈದ್ಯರೇ ಹೇಳಬೇಕು, ಅಲ್ಲಿವರೆಗೆ ಒಂದು ದಿನವೂ ತಪ್ಪಿಸಬೇಡಿ ಅಂತ ಹೆಂಡತಿಗೆ ಒತ್ತಿ ಹೇಳಿ ಕಳಿಸಿದ್ದೇನೆ.