ಪೋಲಿಯೊ ಆಗದ ಕಾಲೂ ಈಗ ಸೋಲುತ್ತಿದೆ, ಏಕೆ?

ಪ್ರಶ್ನೆ: ನನಗೆ 53 ವರ್ಷ, ಜಗಳೂರಿನಲ್ಲಿ ಟೈಲರ್. ಎರಡನೇ ವಯಸ್ಸಿಗೆ ಜ್ವರ ಬಂದು ಎಡಗಾಲು ಹೋಯಿತು. ಬಲಗಾಲಲ್ಲೇ ಮಿಷನ್ ತುಳಿದು ಸಂಸಾರ ತೂಗಿಸಿದ್ದೇನೆ. ಒಂದೂವರೆ ವರ್ಷದಿಂದ ಆ ಕಾಲೂ ಸೋಲುತ್ತಿದೆ, ಮಧ್ಯಾಹ್ನಕ್ಕೇ ಮೈಯೆಲ್ಲ ಸುಸ್ತು. ಪೋಲಿಯೊ ಮತ್ತೆ ಬಂತೇ? ಯಾವ ಟೆಸ್ಟ್ ಮಾಡಿಸಲಿ? ಮನೆಯಲ್ಲಿರುವ ಮೊಮ್ಮಗುವಿಗೆ ಅಂಟೀತೇ?

ಉತ್ತರ: ಅಂಟುವುದಿಲ್ಲ. ವೈರಸ್ ಮರಳಿ ಬಂದಿಲ್ಲ. ಮಗುವಿಗೆ ಲಸಿಕೆ ಮಾತ್ರ ತಪ್ಪಿಸಬೇಡಿ.

ನೀವು ಹೇಳುತ್ತಿರುವುದು ಪೋಸ್ಟ್ ಪೋಲಿಯೊ ಸಿಂಡ್ರೋಮ್‌ಗೆ, ಅಂದರೆ ಪೋಲಿಯೊ ಆಗಿ ಎಷ್ಟೋ ವರ್ಷಗಳ ಮೇಲೆ ಕಾಣುವ ಹೊಸ ನಿಶ್ಶಕ್ತಿಗೆ, ಹೊಂದುತ್ತದೆ. ಅಂದು ಬೆನ್ನುಹುರಿಯಲ್ಲಿ ಬದುಕುಳಿದ ನರಕೋಶಗಳು ಹೊಸ ಕವಲೊಡೆದು, ದಿಕ್ಕಿಲ್ಲದಂತಾಗಿದ್ದ ಸ್ನಾಯುಗಳನ್ನೂ ವಹಿಸಿಕೊಂಡವು. ಐವತ್ತು ವರ್ಷ ಎರಡಾಳಿನ ಕೆಲಸ ಮಾಡಿ ಈಗ ಆ ಕವಲುಗಳು ಕಳಚುತ್ತಿರಬಹುದು. ನೀವು ನಂಬಿದ್ದ ಬಲಗಾಲಿಗೂ ಆಗಲೇ ಸ್ವಲ್ಪ ಪೆಟ್ಟು ಬಿದ್ದಿರಬಹುದು. ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಮಾಡಿದರೆ ಆ ಹಳೆಯ ಪೆಟ್ಟು ಕಾಣುತ್ತದೆ, ಆದರೆ ಇಂದಿನ ಸೋಲಿಗೆ ಅದೇ ಕಾರಣವೆಂದು ಇಎಂಜಿ ಹೇಳದು. ಇದಕ್ಕೆಂದೇ ಇರುವ ರಕ್ತಪರೀಕ್ಷೆ ಯಾವುದೂ ಇಲ್ಲ. ಕನಿಷ್ಠ 15 ವರ್ಷ ಸ್ಥಿರವಾಗಿದ್ದು, ಹೊಸ ನಿಶ್ಶಕ್ತಿ ವರ್ಷವಾದರೂ ಉಳಿದು, ಬೇರೆ ಕಾರಣ ಸಿಗದಿದ್ದರೆ ಮಾತ್ರ ಈ ಹೆಸರು ಹಚ್ಚುತ್ತೇವೆ.

ಜಗಳೂರು ಎಂದಿರಿ, ಹಾಗಾಗಿ ನನ್ನ ಮೊದಲ ಪ್ರಶ್ನೆ: ಇಷ್ಟು ವರ್ಷ ಕುಡಿದದ್ದು ಬೋರ್‌ವೆಲ್ ನೀರೇ? ನಿಮ್ಮ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಅದು ಮೈಯಲ್ಲಿ ಸೇರಿ ಬರುವ ಫ್ಲೋರೋಸಿಸ್‌ ಕಾಯಿಲೆಯಲ್ಲಿ ಬೆನ್ನುಮೂಳೆ ದಪ್ಪವಾಗಿ ಬೆನ್ನುಹುರಿಯನ್ನೇ ಅದುಮಬಹುದು. ಹಲ್ಲಿನ ಕಂದು ಕಲೆ, ಬಗ್ಗದ ಬೆನ್ನು, ತಿರುಗದ ಕತ್ತು ಇದ್ದರೆ ವೈದ್ಯರಿಗೆ ಹೇಳಿ. ಅವರು ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಪೋಲಿಯೊ ಕಾಲು ಸಾಮಾನ್ಯವಾಗಿ ಮಿಸುಕುವುದಿಲ್ಲ. ಬೆನ್ನುಹುರಿ ಅದುಮಿದ್ದರೆ ಬಲಗಾಲು ಜೋರಾಗಿ ಒದೆಯುವುದುಂಟು. ಪೋಲಿಯೊ ಸ್ಪರ್ಶಜ್ಞಾನವನ್ನು ಕಸಿಯುವುದಿಲ್ಲ, ಆದ್ದರಿಂದ ಪಾದ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಎಂಆರ್‌ಐಗೆ ತಡಮಾಡಬೇಡಿ. ಬೆನ್ನುಹುರಿ ಅದುಮಿದ್ದರೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಾಗಬಹುದು.

ರಕ್ತದಲ್ಲಿ ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಬಿ12, ವಿಟಮಿನ್ ಡಿ, ಸಿಪಿಕೆ (ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ) ನೋಡಿಸಿ. ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ, ಕೆಲವರಿಗೆ ಅದರಿಂದ ಸ್ನಾಯು ನೋಯುತ್ತದೆ. ಮಲಗಿದಾಗ ಉಸಿರು ಕಟ್ಟುತ್ತಿದ್ದರೆ, ಬೆಳಿಗ್ಗೆ ತಲೆನೋವಿದ್ದರೆ ಶ್ವಾಸದ ಪರೀಕ್ಷೆಯೂ ಬೇಕು. 'ವಯಸ್ಸಾಯ್ತು ಬಿಡಿ' ಎನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. 53 ಒಂದು ವಯಸ್ಸೇ?

ವರದಿಗಳು ಬರುವವರೆಗೆ ಕಾಯದೆ ಮಿಷನ್‌ಗೆ ಮೋಟಾರ್ ಹಾಕಿಸಿ. ಸೋತ ಕಾಲಿಗೆ ಬಲ ಬರಲೆಂದು ದಣಿಯುವಷ್ಟು ವ್ಯಾಯಾಮ ಮಾಡಿದರೆ ಇನ್ನಷ್ಟು ಸೋಲುತ್ತದೆ. ಹಗುರವಾದದ್ದನ್ನು ಫಿಸಿಯೋಥೆರಪಿಸ್ಟ್ ಕೇಳಿ ಮಾಡಿ. ಮುಂದೆಂದಾದರೂ ಆಪರೇಷನ್ ಆಗುವುದಿದ್ದರೆ, ಅರಿವಳಿಕೆ ಕೊಡುವ ವೈದ್ಯರಿಗೆ ಪೋಲಿಯೊ ವಿಷಯ ಮುಂಚೆಯೇ ತಿಳಿಸಿ.